ಸಂಶೋಧನೆ ಎಂಬುದು ಬಡ್ತಿಯಲ್ಲ: ಬಿ.ಎಸ್ಸಿ. ಗಣಿತ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಗಣಿತ ಓದುತ್ತಿರುವ ಎಲ್ಲರಿಗೆ,



ನಿಮ್ಮ ಬೇಸಿಗೆ ರಜೆಯ ವಿಷಯವಾಗಿ ಈ ಪತ್ರ. ರಜೆ ಇನ್ನೂ ಎಲ್ಲೋ ದೂರದಲ್ಲಿದೆ, ಈಗಲೇ ಏನವಸರ ಎನ್ನಬೇಡಿ. ಗಣಿತ ಓದುವವರ ಬೇಸಿಗೆ ಹೇಗಿರುತ್ತದೆ ಎಂಬುದು ಅಕ್ಟೋಬರ್ ಮತ್ತು ಫೆಬ್ರವರಿ ನಡುವೆಯೇ ಹೆಚ್ಚುಕಡಿಮೆ ತೀರ್ಮಾನವಾಗಿಬಿಡುತ್ತದೆ. ಒಳ್ಳೆಯ ಸಂಸ್ಥೆಗಳು ಪದವಿ ವಿದ್ಯಾರ್ಥಿಗಳಿಗೆಂದು ನಡೆಸುವ ಬೇಸಿಗೆ ಕಾರ್ಯಕ್ರಮಗಳಿಗೆ ಅರ್ಜಿ ಕರೆಯುವುದು ಬಹುಮಟ್ಟಿಗೆ ಆ ತಿಂಗಳುಗಳಲ್ಲೇ. ಏಪ್ರಿಲ್‌ನಲ್ಲಿ ಬಂದು "ಸರ್, ರಜೆಯಲ್ಲಿ ಮಾಡುವಂಥದ್ದು ಏನಾದರೂ ಇದೆಯಾ?" ಎಂದು ಕೇಳುವ ಹೊತ್ತಿಗೆ ಆಯ್ಕೆ ಪಟ್ಟಿ ಬಂದು, ಆಯ್ಕೆಯಾದವರು ರೈಲಿಗೆ ಟಿಕೆಟ್ ಮಾಡಿಸಿಯೂ ಆಗಿರುತ್ತದೆ. ಪ್ರತಿವರ್ಷ ಹೀಗೆ ಕೇಳುವವರಲ್ಲಿ ಬೆಂಗಳೂರಿನ ಹೆಸರಾಂತ ಕಾಲೇಜುಗಳವರು ಕಡಿಮೆ. ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನವರೇ ಹೆಚ್ಚು. ಅವರಿಗೆ ತಲೆ ಕಡಿಮೆ ಎಂದಲ್ಲ, ಸುದ್ದಿ ಮುಟ್ಟುವುದು ತಡ, ಅಷ್ಟೆ.

ಸುದ್ದಿಗಿಂತ ದೊಡ್ಡ ಅಡ್ಡಿ ಇನ್ನೊಂದಿದೆ. ಸಂಶೋಧನೆ ಎಂದರೆ ಎಂ.ಎಸ್ಸಿ. ಮುಗಿದು, ನೆಟ್ ಪಾಸಾಗಿ, ಗೈಡ್ ಒಬ್ಬರು ಸಿಕ್ಕಿ, ಆಮೇಲೆ ಶುರುವಾಗುವ ಕೆಲಸ ಎಂದು ನಾವೆಲ್ಲ ನಂಬಿ ಕೂತಿದ್ದೇವೆ. ಇಷ್ಟು ವರ್ಷ ಸೇವೆ ಸಲ್ಲಿಸಿದವರಿಗೆ ಸಿಗುವ ಬಡ್ತಿಯ ಹಾಗೆ. ಅಲ್ಲಿಯವರೆಗೆ ನಿಮ್ಮ ಕೆಲಸ ಪ್ರಮೇಯ ಬಾಯಿಪಾಠ ಮಾಡುವುದು, ಇಂಟರ್ನಲ್ಸ್ ಬರೆಯುವುದು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು. ಈ ನಂಬಿಕೆ ತಪ್ಪು ಎಂದು ಬರೀ ಮಾತಿನಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಒಂದು ಲೆಕ್ಕ ಮಾಡಿಯೇ ನೋಡೋಣ.

ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಹೆಸರು ನೀವು ಕೇಳಿರುತ್ತೀರಿ. ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲೆಯ ಮೇಷ್ಟರಾಗಿದ್ದವರು. ಯಾವುದೇ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ (ಅಂಕಿ ಕಡಿಮೆಯಾದರೆ ಮುಂದೆ ಸೊನ್ನೆ ಸೇರಿಸಿ) ಹಾಗೆಯೇ ಮಾಡುತ್ತ ಹೋಗಿ. ಏಳು ಹೆಜ್ಜೆ ಮೀರುವುದರೊಳಗೆ 6174 ಸಿಗುತ್ತದೆ, ಆಮೇಲೆ ಅಲ್ಲಿಂದ ಕದಲುವುದಿಲ್ಲ. ಕಾಪ್ರೇಕರರು ಇದನ್ನು ಹೇಳಿದ್ದು 1949ರಲ್ಲಿ. ಇವತ್ತಿಗೂ ವಾಟ್ಸ್‌ಆ್ಯಪ್‌ನಲ್ಲಿ 'ಮ್ಯಾಜಿಕ್ ನಂಬರ್' ಎಂಬ ಹೆಸರಿನಲ್ಲಿ ಸುತ್ತುತ್ತಿದೆ. ನಾವು ನೋಡುತ್ತೇವೆ, ಬೆರಗಾಗುತ್ತೇವೆ, ಇನ್ನೊಬ್ಬರಿಗೆ ಕಳಿಸಿ ಮರೆಯುತ್ತೇವೆ.

ಕಳಿಸುವ ಮೊದಲು ಮೂರಂಕಿಗೆ ಇಳಿದು ನೋಡಿ. ಅಂಕಿಗಳು ದೊಡ್ಡದರಿಂದ ಚಿಕ್ಕದಕ್ಕೆ ಎ, ಬಿ, ಸಿ ಆಗಿರಲಿ. ತಿರುಗಿಸಿ ಕಳೆದರೆ ಬರುವುದು 99 × (ಎ − ಸಿ). ನಡುವಿನ ಬಿ ಲೆಕ್ಕದಿಂದಲೇ ಬಿದ್ದುಹೋಯಿತು! ಅಂದಮೇಲೆ ನೂರಾರು ಸಂಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸುವ ಕರ್ಮ ಬೇಡ, ಮೊದಲ ಮತ್ತು ಕೊನೆಯ ಅಂಕಿಗಳ ವ್ಯತ್ಯಾಸ 1ರಿಂದ 9ರವರೆಗೆ ಏನೇನಾಗಬಹುದೋ ಆ ಒಂಬತ್ತೇ ಸಾಕು. ವ್ಯತ್ಯಾಸ 1 ಇದ್ದರೆ 099 ಬಂತು. ಅಲ್ಲಿಂದ 891, 792, 693, 594, ಕೊನೆಗೆ 495. ಉಳಿದವೂ ಇದೇ ದಾರಿಗೆ ಎಲ್ಲಾದರೊಂದು ಕಡೆ ಬಂದು ಸೇರಿಕೊಳ್ಳುತ್ತವೆ. ಹಾಗಾಗಿ ಮೂರೂ ಅಂಕಿ ಒಂದೇ ಆಗಿರದ ಮೂರಂಕಿಯ ಸಂಖ್ಯೆಗಳೆಲ್ಲ ಆರು ಹೆಜ್ಜೆಯೊಳಗೆ 495 ತಲುಪಲೇಬೇಕು. ಇದು ಪೂರ್ತಿ ಸಾಧನೆ. ಕ್ಯಾಂಟೀನಿನ ಬಿಲ್ಲಿನ ಹಿಂಬದಿಯಲ್ಲಿ ಹಿಡಿಸುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಅದು ಒಂದು ಒಳ್ಳೆಯ ಲೆಕ್ಕ. ಮುಂದಿನ ಪ್ರಶ್ನೆ ಹುಟ್ಟಿದರೆ ಅದು ಬೇರೆಯೇ ಏನೋ ಆಗುತ್ತದೆ. ನಾವು ಹತ್ತರ ಆಧಾರದಲ್ಲಿ ಎಣಿಸುತ್ತಿರುವುದರಿಂದ ಹೀಗಾಯಿತೋ, ಎಂಟರಲ್ಲೋ ಏಳರಲ್ಲೋ ಎಣಿಸಿದ್ದರೂ ಹೀಗೇ ಆಗುತ್ತಿತ್ತೋ? ಆಧಾರ ಕೆ ಎಂದಿಟ್ಟುಕೊಳ್ಳಿ, ತುದಿ ಅಂಕಿಗಳ ವ್ಯತ್ಯಾಸ ಡಿ. ಕಳೆದಾಗ ಸಿಗುವ ಅಂಕಿಗಳು ಡಿ − 1, ಕೆ − 1, ಕೆ − ಡಿ. ಇವುಗಳಲ್ಲಿ ನಡುವಿನದ್ದಕ್ಕಿಂತ ದೊಡ್ಡದು ಇರಲು ಸಾಧ್ಯವಿಲ್ಲ. ಆದ್ದರಿಂದ ಹೊಸ ವ್ಯತ್ಯಾಸ ಎಂದರೆ ಕೆ − ಡಿ ಮತ್ತು ಡಿ − 1 ಈ ಎರಡರಲ್ಲಿ ದೊಡ್ಡದು. ವ್ಯತ್ಯಾಸ ಬದಲಾಗದೆ ನಿಲ್ಲಬೇಕಾದರೆ ಡಿ ಎಂಬುದು ಕೆಯ ಅರ್ಧವಾಗಿರಬೇಕು. ಕೆ ಸಮಸಂಖ್ಯೆಯಾದರೆ ಅದು ಸಾಧ್ಯ: ಎಂಟರ ಆಧಾರದಲ್ಲಿ 374 ಎಂಬಲ್ಲಿ ಎಲ್ಲವೂ ಬಂದು ನಿಲ್ಲುತ್ತವೆ. ಕೆ ಬೆಸವಾದರೆ ಅರ್ಧವೆಲ್ಲಿ ಸಿಕ್ಕೀತು? ಏಳರ ಆಧಾರದಲ್ಲಿ ಮಾಡಿ ನೋಡಿ, 264ರಿಂದ 363, 363ರಿಂದ ಮತ್ತೆ 264. ಎರಡರ ನಡುವೆ ಓಲಾಡುತ್ತ ಉಳಿಯುತ್ತದೆ.

ಇದು ಯಾರಿಗೂ ತಿಳಿಯದ ಹೊಸ ಶೋಧವೇನಲ್ಲ, ಬಹಳ ಜನ ಹಿಂದೆಯೇ ಕಂಡುಕೊಂಡದ್ದು. ಆದರೆ ಇದರಲ್ಲಿ ಬಳಸಿದ ಗಣಿತ ಯಾವುದು? ಹೈಸ್ಕೂಲಿನ ವ್ಯವಕಲನ, ಒಂದಿಷ್ಟು ಬೀಜಗಣಿತ. ನಾಲ್ಕಂಕಿಯಲ್ಲಿ ಇದನ್ನೇ ಮಾಡಿದರೆ 999 × (ಎ − ಡಿ) + 90 × (ಬಿ − ಸಿ) ಎಂದಾಗುತ್ತದೆ (ಈಗ ಡಿ ನಾಲ್ಕನೆಯ ಅಂಕಿ), ಆಟ ಸ್ವಲ್ಪ ಬಿಗಿಯಾಗುತ್ತದೆ. ಐದಂಕಿಯಲ್ಲಿ, ಹತ್ತರ ಆಧಾರದಲ್ಲೇ, ನಿಲ್ಲುವ ಸಂಖ್ಯೆ ಒಂದೂ ಇಲ್ಲ. ಮೂರು ಬೇರೆಬೇರೆ ಸುತ್ತುಗಳಿವೆ, ಒಂದು ಎರಡು ಹೆಜ್ಜೆಯದು, ಉಳಿದೆರಡು ನಾಲ್ಕು ಹೆಜ್ಜೆಯವು. ಯಾಕೆ ಮೂರೇ? ಬೇರೆ ಆಧಾರಗಳಲ್ಲಿ ಎಷ್ಟು? ನಿಮ್ಮ ಪ್ರಾಕ್ಟಿಕಲ್ ತರಗತಿಯಲ್ಲಿ ಪೈಥಾನೋ ಮ್ಯಾಕ್ಸಿಮಾನೋ ಸೈಲ್ಯಾಬೋ ಇದ್ದೇ ಇದೆ. ನಾವು ಮಾಡಿಸುವುದೇನು? ಹಿಂದಿನ ಬ್ಯಾಚಿನವರ ರೆಕಾರ್ಡ್ ನೋಡಿ ಪ್ರೋಗ್ರಾಂ ಇಳಿಸಿಕೊಂಡು, ಔಟ್‌ಪುಟ್ಟನ್ನೂ ಅಲ್ಲಿಂದಲೇ ಬರೆದುಕೊಂಡು, ಎಚ್‌ಒಡಿ ಸಹಿ ಹಾಕಿಸಿಕೊಳ್ಳುವುದು. ಅದೇ ಕಂಪ್ಯೂಟರಿನಲ್ಲಿ ಹತ್ತು ಸಾಲಿನ ಒಂದು ಪ್ರೋಗ್ರಾಂ ಬರೆದರೆ ಐದಂಕಿಯ ಸಂಖ್ಯೆಗಳೆಲ್ಲ ಒಂದೇ ಗಳಿಗೆಯಲ್ಲಿ ಕಣ್ಣೆದುರಿಗೆ ಬರುತ್ತವೆ. ಬಂದ ಪಟ್ಟಿಯಲ್ಲಿ ಕ್ರಮ ಹುಡುಕುವುದು, ಊಹಿಸುವುದು, ಊಹೆ ಮುರಿದು ಬೀಳುವುದನ್ನು ನೋಡುವುದು, ಉಳಿದ ಊಹೆಗೆ ಸಾಧನೆ ಕಟ್ಟುವುದು. ಸಂಶೋಧಕರ ದಿನಚರಿ ಇದಕ್ಕಿಂತ ಬೇರೆಯೇನಲ್ಲ.

ಕಾಪ್ರೇಕರರ ಬಗ್ಗೆ ಇನ್ನೊಂದು ಸಂಗತಿಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿ ಓದುತ್ತಿದ್ದಾಗಲೇ, 1927ರಲ್ಲಿ, ಸ್ವಂತ ಗಣಿತ ಕೃಷಿಗೆ ಕೊಡುವ ರ‍್ಯಾಂಗ್ಲರ್ ಪರಾಂಜಪೆ ಬಹುಮಾನ ಅವರಿಗೆ ಬಂದಿತ್ತು. ಸ್ನಾತಕೋತ್ತರ ಪದವಿ ಅವರು ಮಾಡಲೇ ಇಲ್ಲ.

ಇದು ಮನೋರಂಜನೆಯ ಗಣಿತವಾಯಿತು, ಗಂಭೀರ ಗಣಿತದಲ್ಲಿ ಬಿ.ಎಸ್ಸಿ.ಯವರಿಗೆ ಜಾಗವೆಲ್ಲಿ ಎಂದು ನೀವು ಕೇಳಬಹುದು. ಹಾಗಾದರೆ ಕಾನ್ಪುರದ ಐಐಟಿಗೆ ಬನ್ನಿ.

ದೊಡ್ಡ ಸಂಖ್ಯೆಯೊಂದು ಅವಿಭಾಜ್ಯವೋ ಅಲ್ಲವೋ ಎಂದು ಬೇಗ, ಖಚಿತವಾಗಿ, ಯಾವ ಊಹೆಯ ಮೇಲೂ ನಿಲ್ಲದೆ ಹೇಳುವ ವಿಧಾನವುಂಟೇ? ಗಾಸ್ ಕಾಲದಿಂದಲೂ ಗಣಿತಜ್ಞರನ್ನು ಕಾಡಿದ ಪ್ರಶ್ನೆ. ಇದರ ಬೇರು ನೀವು ಪಿಯುಸಿಯಲ್ಲಿ ಕಂಡ ದ್ವಿಪದ ಪ್ರಮೇಯದಲ್ಲಿದೆ. ಐದನೆಯ ಘಾತದ ಸಹಗುಣಕಗಳು 1, 5, 10, 10, 5, 1. ತುದಿಯ ಒಂದುಗಳನ್ನು ಬಿಟ್ಟರೆ ಉಳಿದವೆಲ್ಲ 5ರಿಂದ ಭಾಗವಾಗುತ್ತವೆ. ನಾಲ್ಕನೆಯದರಲ್ಲಿ 1, 4, 6, 4, 1. ಇಲ್ಲಿ 6 ಎಂಬುದು 4ರಿಂದ ಭಾಗವಾಗುವುದಿಲ್ಲ. ಎನ್ ಅವಿಭಾಜ್ಯವಾದರೆ ನಡುವಿನವೆಲ್ಲ ಎನ್‌ನಿಂದ ಭಾಗವಾಗುತ್ತವೆ, ಇಲ್ಲವಾದರೆ ಒಂದಾದರೂ ಕೈಕೊಡುತ್ತದೆ. ಪರೀಕ್ಷೆಯೇನೋ ಸಿಕ್ಕಿತು, ಆದರೆ ಎನ್ ನೂರು ಅಂಕಿಯ ಸಂಖ್ಯೆಯಾದರೆ ಅಷ್ಟು ಸಹಗುಣಕಗಳನ್ನು ಎಣಿಸುವುದರೊಳಗೆ ಯುಗ ಕಳೆದೀತು. ಇಡೀ ಬಹುಪದವನ್ನು ಸಣ್ಣದೊಂದು ಬಹುಪದದಿಂದ ಭಾಗಿಸಿ, ಶೇಷವನ್ನಷ್ಟೇ ನೋಡಿದರೆ ಸಾಲದೇ?

ಅಲ್ಲಿನ ಪ್ರಾಧ್ಯಾಪಕ ಮಣೀಂದ್ರ ಅಗ್ರವಾಲರ ಬಳಿ ಬಿ.ಟೆಕ್. ಪ್ರಾಜೆಕ್ಟ್ ಮಾಡುತ್ತಿದ್ದ ರಜತ್ ಭಟ್ಟಾಚಾರ್ಜಿ, ಪ್ರಶಾಂತ್ ಪಾಂಡೆ ಎಂಬ ಇಬ್ಬರು ಹುಡುಗರು 2001ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿ ಒಂದು ಊಹೆ ಮುಂದಿಟ್ಟರು. ಅದನ್ನು ಸಾಧಿಸಲು ಅವರಿಗಾಗಲಿಲ್ಲ. ಪ್ರಾಜೆಕ್ಟ್ ಒಪ್ಪಿಸಿ, ಪದವಿ ಪಡೆದು ಹೋದರು. ಮುಂದಿನ ಬ್ಯಾಚಿನ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅಲ್ಲಿಂದಲೇ ಎತ್ತಿಕೊಂಡರು. ಅವರ ಬಿ.ಟೆಕ್. ಪ್ರಾಜೆಕ್ಟ್ ಕೂಡ ದಾರಿಯ ನಡುವೆಯೇ ಮುಗಿಯಿತು. ಅದೇ ವರ್ಷ, 2002ರ ಆಗಸ್ಟ್‌ನಲ್ಲಿ, ಅಗ್ರವಾಲ್, ಕಯಾಲ್, ಸಕ್ಸೇನಾ ಮೂವರೂ ಸೇರಿ ಪೂರ್ಣ ಉತ್ತರವನ್ನು ಪ್ರಕಟಿಸಿದರು. ಕೆಲವೇ ಪುಟದ ಆ ಬರಹ ಕೆಲವೇ ದಿನಗಳಲ್ಲಿ ಜಗತ್ತೆಲ್ಲ ಸುತ್ತಿತು. 2004ರಲ್ಲಿ 'ಆ್ಯನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು, 2006ರಲ್ಲಿ ಗೋಡೆಲ್ ಪ್ರಶಸ್ತಿ ಬಂತು. ಕಯಾಲ್ ಆಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು.

ಈ ಕಥೆಯನ್ನು ಹೇಳುವಾಗ ಎಲ್ಲರೂ ಕೊನೆಯ ಮೂವರನ್ನು ನೆನೆಯುತ್ತಾರೆ. ನನಗೆ ಮೊದಲ ಇಬ್ಬರ ಮೇಲೆಯೇ ಹೆಚ್ಚು ಪ್ರೀತಿ. ಒಂದು ಪ್ರಾಜೆಕ್ಟ್, ಒಂದು ಪಟ್ಟಿ, ಒಂದು ಅರೆಬೆಂದ ಊಹೆ. ಅಷ್ಟಕ್ಕೇ ಆ ಪ್ರಬಂಧದಲ್ಲಿ ಅವರ ಹೆಸರು ಉಳಿಯಿತು. ಆ ಊಹೆ ಸುಳ್ಳಿರಬಹುದು ಎಂದು ಲೆನ್‌ಸ್ಟ್ರಾ ಮತ್ತು ಪೊಮೆರಾನ್ಸ್ ಎಂಬ ದಿಗ್ಗಜರು ವಾದಿಸಿದ್ದಾರೆ. ಇಬ್ಬರು ಪದವಿ ವಿದ್ಯಾರ್ಥಿಗಳ ಊಹೆಯನ್ನು ಅಲ್ಲಗಳೆಯಲು ಅಂಥವರು ಕೂತು ಯೋಚಿಸಬೇಕಾಯಿತು!

ಐಐಟಿಯವರಿಗೆ ಅಗ್ರವಾಲರಂಥ ಗುರುಗಳು ಕಾರಿಡಾರಿನಲ್ಲೇ ಸಿಗುತ್ತಾರೆ, ನಿಜ. ಹಾಗೆ ಸಿಗದವರಿಗೆಂದೇ ಬೇಸಿಗೆ ಕಾರ್ಯಕ್ರಮಗಳು ಹುಟ್ಟಿಕೊಂಡದ್ದು. ಅಮೆರಿಕದ ಮಿನೆಸೋಟಾ ರಾಜ್ಯದ ಡುಲೂತ್ ಎಂಬ ಊರಿನಲ್ಲಿ ಜೋಸೆಫ್ ಗ್ಯಾಲಿಯನ್ ಎಂಬ ಮೇಷ್ಟ್ರು 1977ರಲ್ಲೇ ಇಂಥದ್ದೊಂದನ್ನು ಶುರುಮಾಡಿದರು. ಬೆರಳೆಣಿಕೆಯ ವಿದ್ಯಾರ್ಥಿಗಳು, ಒಬ್ಬೊಬ್ಬರಿಗೂ ಉತ್ತರ ಗೊತ್ತಿಲ್ಲದ ಒಂದೊಂದು ಸಮಸ್ಯೆ. ನೀವು ಅಬ್‌ಸ್ಟ್ರಾಕ್ಟ್ ಆಲ್ಜಿಬ್ರಾಕ್ಕೆ ಓದುವ ಪುಸ್ತಕಗಳಲ್ಲೊಂದು ಇದೇ ಗ್ಯಾಲಿಯನ್ ಅವರದು. 1987ರಿಂದ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಇಂಥ ಶಿಬಿರಗಳಿಗೆ ದೇಶದಾದ್ಯಂತ ಹಣ ಕೊಡುತ್ತ ಬಂದಿದೆ, ಅಲ್ಲಿನ ಹುಡುಗರು ಅದನ್ನು ಆರ್‌ಇಯು ಎನ್ನುತ್ತಾರೆ. ಹಾರ್ವರ್ಡ್‌ನಲ್ಲಿ ಪದವಿ ಓದುತ್ತಿದ್ದ ಮಂಜುಲ್ ಭಾರ್ಗವ ಡುಲೂತ್‌ನ ಬೇಸಿಗೆಯಲ್ಲಿ ಹಿಡಿದ ಪ್ರಶ್ನೆ, ಫ್ಯಾಕ್ಟೋರಿಯಲ್ ಎಂಬುದಕ್ಕೆ ಸಂಬಂಧಪಟ್ಟದ್ದು. 1, 2, 3 ಎಂದು ಎಲ್ಲ ಪೂರ್ಣಾಂಕಗಳನ್ನೂ ಬಿಟ್ಟು, ಬೇರೊಂದು ಗಣವನ್ನು, ಉದಾಹರಣೆಗೆ ಅವಿಭಾಜ್ಯಗಳನ್ನಷ್ಟೇ, ತೆಗೆದುಕೊಂಡರೆ ಅದಕ್ಕೊಂದು ಫ್ಯಾಕ್ಟೋರಿಯಲ್ ಇರಬಹುದೇ ಎಂದು. ಇದೆ ಎಂದು ತೋರಿಸಿದರು. ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ಕೊಡುವ ಮಾರ್ಗನ್ ಪ್ರಶಸ್ತಿ 1996ರಲ್ಲಿ ಅವರಿಗೆ ಬಂತು, ಫೀಲ್ಡ್ಸ್ ಪದಕ 2014ರಲ್ಲಿ. ಮಾರ್ಗನ್ ಪ್ರಶಸ್ತಿಯ ಮೊಟ್ಟಮೊದಲ ವಿಜೇತ, 1995ರಲ್ಲಿ, ಚೆನ್ನೈಯಲ್ಲಿ ಬೆಳೆದ ಕಣ್ಣನ್ ಸೌಂದರರಾಜನ್. ಆರ್‌ಇಯು ಹಣ ಅಮೆರಿಕದ ನಾಗರಿಕರಿಗೆ ಮತ್ತು ಅಲ್ಲಿ ಕಾಯಂ ನೆಲೆಸಿದವರಿಗೆ ಮೀಸಲು, ಹಾಗಾಗಿ ಅದು ನಿಮಗೆ ಉಪಯೋಗಕ್ಕಿಲ್ಲ. ಅಲ್ಲೇ ಕಾಯಂ ನೆಲೆಸಿ ಓದುತ್ತಿರುವ ನಿಮ್ಮ ಚಿಕ್ಕಪ್ಪನ ಮಕ್ಕಳಿಗೆ ಬೇಕಾದರೆ ಹೇಳಿ.

ನಮ್ಮಲ್ಲಿ ಏನಿದೆ? ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು, ಇರಬೇಕಾದದ್ದಕ್ಕಿಂತ ಬಹಳ ಕಡಿಮೆ.

ಎಲ್ಲರೂ ಮೊದಲು ತಿಳಿದಿರಬೇಕಾದದ್ದು ಮೂರು ವಿಜ್ಞಾನ ಅಕಾಡೆಮಿಗಳು ಜೊತೆಯಾಗಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಅವುಗಳಲ್ಲಿ ಒಂದಾದ ಭಾರತೀಯ ವಿಜ್ಞಾನ ಅಕಾಡೆಮಿ, ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ್ದು, ನಮ್ಮ ಬೆಂಗಳೂರಿನಲ್ಲೇ ಇದೆ. ಆಯ್ಕೆಯಾದರೆ ಸುಮಾರು ಎರಡು ತಿಂಗಳು ದೇಶದ ಯಾವುದಾದರೂ ಸಂಸ್ಥೆಯಲ್ಲಿ ಒಬ್ಬ ಗಣಿತಜ್ಞರ ಜೊತೆ ಕೆಲಸ, ಕೈಗೊಂದಿಷ್ಟು ಶಿಷ್ಯವೇತನ. ಗಮನಿಸಿ, ಇದಕ್ಕೆ ಅಧ್ಯಾಪಕರೂ ಅರ್ಜಿ ಹಾಕಬಹುದು. ನಿಮ್ಮ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ಈ ಸುದ್ದಿ ಮುಟ್ಟಿಸಿ, ಅವರಿಗೂ ಒಬ್ಬರು ಮೇಷ್ಟ್ರು ಸಿಕ್ಕಲಿ.

ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟದ ಕಡೆಯ ಶಿವಕೋಟೆಯಲ್ಲಿ ಐಸಿಟಿಎಸ್ ಇದೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಂದು ಕೇಂದ್ರ. ಅಲ್ಲಿ ಎಸ್.ಎನ್. ಭಟ್ ಸ್ಮಾರಕ ಕಾರ್ಯಕ್ರಮವೆಂದು ಪದವಿ ವಿದ್ಯಾರ್ಥಿಗಳಿಗೂ ತೆರೆದಿರುವ ಒಂದು ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆ, ಯಶವಂತಪುರದ ಹತ್ತಿರದ ಐಐಎಸ್‌ಸಿ, ಚೆನ್ನೈಯ ಮ್ಯಾಟ್‌ಸೈನ್ಸ್: ಇವುಗಳ ಪ್ರಕಟಣೆಗಳ ಮೇಲೂ ಒಂದು ಕಣ್ಣಿರಲಿ. ಒಬ್ಬೊಬ್ಬರ ನಿಯಮ ಒಂದೊಂದು ಥರ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆದ್ದರಿಂದ ದಿನಾಂಕಗಳನ್ನು ಇಲ್ಲಿ ಬರೆಯುವುದಿಲ್ಲ.

ಇವೆಲ್ಲಕ್ಕಿಂತ ಮೊದಲು, ಎರಡನೇ ವರ್ಷದಲ್ಲೇ, ಎಂಟಿಟಿಎಸ್‌ಗೆ ಅರ್ಜಿ ಹಾಕಿ ಎಂಬುದು ನನ್ನ ಒತ್ತಾಯ. ಪ್ರೊ. ಎಸ್. ಕುಮರೇಶನ್ 1993ರಲ್ಲಿ ಆರಂಭಿಸಿದ ಗಣಿತ ತರಬೇತಿ ಶಿಬಿರ ಅದು. ಅದರ ಹೆಸರಿನಲ್ಲಿ ಸಂಶೋಧನೆ ಎಂಬ ಪದವೇ ಇಲ್ಲ, ಆದರೆ ಸಂಶೋಧನೆಗೆ ಬೇಕಾದ ಧೈರ್ಯ ಅಲ್ಲಿ ಸಿಗುವಷ್ಟು ಇನ್ನೆಲ್ಲೂ ಸಿಗದು. ಅಲ್ಲಿ ಪಾಠ ಮಾಡುವವರು ವ್ಯಾಖ್ಯೆ ಬರೆಸಿ ಮುಂದೆ ಹೋಗುವುದಿಲ್ಲ. "ಈ ಷರತ್ತು ತೆಗೆದುಬಿಟ್ಟರೆ ಏನಾಗುತ್ತದೆ? ಉದಾಹರಣೆ ಕೊಡಿ. ಯಾಕೆ?" ಎಂದು ಪೀಡಿಸುತ್ತಾರೆ. ಯಾರಾದರೊಬ್ಬರು ಬೋರ್ಡಿನ ಹತ್ತಿರ ಹೋಗಲೇಬೇಕು. ತರಗತಿಯಲ್ಲಿ ಫಸ್ಟ್ ಬಂದು ಬೀಗುತ್ತಿದ್ದವರು ಅಲ್ಲಿ ಮೊದಲ ವಾರ ತಲೆ ಕೆರೆದುಕೊಳ್ಳುತ್ತಾರೆ, ಹಿಂದಿನ ಬೆಂಚಿನಲ್ಲಿ ಅನುಮಾನ ಇಟ್ಟುಕೊಂಡು ಸುಮ್ಮನೆ ಕೂತಿದ್ದವರು ಅರಳುತ್ತಾರೆ. ಹಾಗೆಯೇ ಸಂಗಮಗ್ರಾಮದ ಮಾಧವನ ಹೆಸರಿನ ಮಾಧವ ಗಣಿತ ಸ್ಪರ್ಧೆ ಪದವಿ ವಿದ್ಯಾರ್ಥಿಗಳಿಗೆಂದೇ ಪ್ರತಿವರ್ಷ ನಡೆಯುತ್ತದೆ. ಬಹುಮಾನ ಬರದಿದ್ದರೂ ಆ ಪ್ರಶ್ನೆಪತ್ರಿಕೆಗಳು ನಿಮ್ಮ ಕ್ವೆಶ್ಚನ್ ಬ್ಯಾಂಕಿಗಿಂತ ನೂರು ಪಾಲು ಮೇಲು.

ಒಂದು ವಿಷಯ ಮೊದಲೇ ತಿಳಿದಿರಲಿ. ಗಣಿತದಲ್ಲಿ ನಮ್ಮ ದೇಶದ ಬೇಸಿಗೆ ಪ್ರಾಜೆಕ್ಟುಗಳು ಬಹುಪಾಲು ಓದುವ ಪ್ರಾಜೆಕ್ಟುಗಳೇ. ಒಂದು ಪುಸ್ತಕದ ನಾಲ್ಕಾರು ಅಧ್ಯಾಯ ಕೊಡುತ್ತಾರೆ. ವಾರಕ್ಕೆ ಒಂದೆರಡು ಸಲ ನೀವು ಬೋರ್ಡಿನ ಮುಂದೆ ನಿಂತು ಓದಿದ್ದನ್ನು ವಿವರಿಸಬೇಕು, ಎದುರಿಗೆ ಕೂತವರು ಎಲ್ಲೋ ಒಂದು ಕಡೆ ತಡೆಯುತ್ತಾರೆ. ಕೊನೆಗೆ ಲೇಟೆಕ್‌ನಲ್ಲಿ ಒಂದು ವರದಿ. ಹೊಸ ಪ್ರಮೇಯ ಸಿಗಲಿಲ್ಲವೆಂದು ಬೇಸರಿಸಬೇಡಿ. ರಸಾಯನಶಾಸ್ತ್ರದ ಗೆಳತಿ ಎರಡು ತಿಂಗಳಲ್ಲಿ ಲ್ಯಾಬಿನಲ್ಲಿ ಏನಾದರೂ ಅಳೆದು ಬರಬಹುದು, ಗಣಿತದಲ್ಲಿ ಸಮಸ್ಯೆಯ ಬಾಗಿಲಿಗೆ ಹೋಗುವುದಕ್ಕೇ ಅಷ್ಟು ಕಾಲ ಬೇಕು.

ಬಾಗಿಲು ಹತ್ತಿರವಿರುವ ಕ್ಷೇತ್ರಗಳೂ ಇವೆ. ಗ್ರಾಫ್ ಸಿದ್ಧಾಂತ ಅಂಥದ್ದು, ಕರ್ನಾಟಕಕ್ಕೆ ಅದರಲ್ಲಿ ಒಳ್ಳೆಯ ಪರಂಪರೆಯೂ ಇದೆ. ಕೆಲವು ಊರುಗಳಲ್ಲಿ ಮಾತ್ರ ಆಸ್ಪತ್ರೆ ಕಟ್ಟಬೇಕು, ಆಸ್ಪತ್ರೆಯಿಲ್ಲದ ಪ್ರತಿ ಊರಿಗೂ ಪಕ್ಕದೂರಿನಲ್ಲೇ ಒಂದು ಇರಬೇಕು, ಜೊತೆಗೆ ಆಸ್ಪತ್ರೆಯ ಊರುಗಳು ತಮ್ಮ ತಮ್ಮಲ್ಲೇ ಕೊಂಡಿ ಬೆಸೆದುಕೊಂಡಿರಬೇಕು ಎಂದರೆ ಕನಿಷ್ಠ ಎಷ್ಟು ಬೇಕು? ಈ ಸಂಖ್ಯೆಗೆ 'ಕನೆಕ್ಟೆಡ್ ಡಾಮಿನೇಷನ್ ನಂಬರ್' ಎಂದು ಹೆಸರಿಟ್ಟು 1979ರಲ್ಲಿ ಪ್ರಬಂಧ ಬರೆದವರು ಧಾರವಾಡದ ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲೀಕಾರ್. ಮುಂದೆ ವೈರ್‌ಲೆಸ್ ಜಾಲಗಳ ಮೇಲೆ ಕೆಲಸ ಮಾಡುವವರೂ ಅದನ್ನು ಬಳಸಿಕೊಂಡರು. ಚೌಕಳಿ ಹಾಳೆಯ ಮೇಲೆ ಚುಕ್ಕೆ ಇಟ್ಟು ಈ ಸಮಸ್ಯೆಯನ್ನು ಇವತ್ತು ಸಂಜೆಯೇ ಶುರುಮಾಡಬಹುದು. ಆದರೆ ಇದೇ ಕ್ಷೇತ್ರದಲ್ಲಿ, ಇದ್ದ ವ್ಯಾಖ್ಯೆಗೆ ಒಂದು ವಿಶೇಷಣ ಅಂಟಿಸಿ, ನಾಲ್ಕು ಪರಿಚಿತ ಗ್ರಾಫುಗಳಿಗೆ ಲೆಕ್ಕ ಹಾಕಿ, 'ಹೊಸ ಪ್ರಬಂಧ' ಎಂದು ಅಚ್ಚುಹಾಕಿಸುವ ಕಾರ್ಖಾನೆಗಳೂ ನಡೆಯುತ್ತಿವೆ. ಆ ಕಡೆ ಸುಳಿಯಬೇಡಿ.

ಅಚ್ಚಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. 'ಇಂಟರ್‌ನ್ಯಾಷನಲ್ ಜರ್ನಲ್' ಎಂಬ ಹೆಸರು, ಐಎಸ್‌ಎಸ್‌ಎನ್ ಸಂಖ್ಯೆ, ಮೂರೇ ದಿನದಲ್ಲಿ ಒಪ್ಪಿಗೆ, ಇಷ್ಟು ರೂಪಾಯಿ ಕಟ್ಟಿದರೆ ಪ್ರಮಾಣಪತ್ರ ಎಂಬ ಮೆಸೇಜು ನಿಮಗೂ ಬಂದಿರುತ್ತದೆ. ಅದಕ್ಕೆ ಕೊಟ್ಟ ದುಡ್ಡು ದಂಡ. ಒಳ್ಳೆಯ ಸಂಸ್ಥೆಯ ಸಂದರ್ಶನದಲ್ಲಿ ಆ ಪ್ರಮಾಣಪತ್ರ ತೋರಿಸಿದರೆ ಇರುವ ಮರ್ಯಾದೆಯೂ ಹೋಗುತ್ತದೆ. ಪದವಿಯಲ್ಲಿ ಪ್ರಬಂಧ ಪ್ರಕಟಿಸಲೇಬೇಕೆಂಬ ಕಾನೂನಿಲ್ಲ.

ಅರ್ಜಿಯ ವಿಷಯ. ಬಹಳಷ್ಟು ಅರ್ಜಿಗಳು ಸೋಲುವುದು ಅಂಕಗಳಿಂದಲ್ಲ, ಆ ಒಂದು ಪುಟದ ಬರಹದಿಂದ. "ಬಾಲ್ಯದಿಂದಲೂ ನನಗೆ ಗಣಿತವೆಂದರೆ ಪಂಚಪ್ರಾಣ" ಎಂದು ಎಲ್ಲರೂ ಬರೆಯುತ್ತಾರೆ, ಓದುವವರು ಆ ಸಾಲು ಹಾರಿಸಿ ಮುಂದೆ ಹೋಗುತ್ತಾರೆ. ಅದರ ಬದಲು ಹೀಗೆ ಬರೆದು ನೋಡಿ: "ಲಗ್ರಾಂಜ್ ಪ್ರಮೇಯದ ವಿಲೋಮ ಯಾಕೆ ನಿಲ್ಲುವುದಿಲ್ಲ ಎಂದು ಹುಡುಕುತ್ತ 12 ಅಂಶಗಳ ಒಂದು ಗ್ರೂಪಿನಲ್ಲಿ 6 ಅಂಶಗಳ ಉಪಗ್ರೂಪ್ ಇಲ್ಲ ಎಂಬುದನ್ನು ನಾನೇ ಲೆಕ್ಕಹಾಕಿ ನೋಡಿದೆ. ಯಾವ ಗ್ರೂಪುಗಳಲ್ಲಿ ವಿಲೋಮ ನಿಲ್ಲುತ್ತದೆ ಎಂದು ತಿಳಿಯುವ ಆಸೆಯಿದೆ." ಎರಡು ಸಾಲು. ಬರೆದವರು ಕೂತು ಯೋಚಿಸಿದ್ದಾರೆಂದು ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. ಪ್ರಾಧ್ಯಾಪಕರಿಗೆ ನೇರವಾಗಿ ಮೇಲ್ ಬರೆಯುವಾಗಲೂ ಅಷ್ಟೆ. 'ರೆಸ್ಪೆಕ್ಟೆಡ್ ಸರ್ ಆರ್ ಮ್ಯಾಡಂ' ಎಂದು ಐವತ್ತು ಜನಕ್ಕೆ ಒಂದೇ ಮೇಲ್ ಹೊಡೆದರೆ ಐವತ್ತು ಜನವೂ ಅಳಿಸುತ್ತಾರೆ. ಒಬ್ಬರನ್ನು ಆರಿಸಿಕೊಳ್ಳಿ, ಅವರ ಕ್ಷೇತ್ರ ಯಾವುದೆಂದು ನೋಡಿಕೊಳ್ಳಿ, ನೀವು ಏನು ಓದಿದ್ದೀರಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಎಂದು ಐದಾರು ಸಾಲಿನಲ್ಲಿ ಬರೆಯಿರಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಕೇಳಿದರೆ ಅಪಚಾರವೇನಿಲ್ಲ.

ಇಂಗ್ಲಿಷ್ ಬಗ್ಗೆ ಅಂಜಿಕೆ ಇರುವವರಿಗೆ ಒಂದು ಮಾತು. ಕನ್ನಡ ಮಾಧ್ಯಮದಿಂದ ಬಂದವರಿಗೆ ಮಾತಿನ ಇಂಗ್ಲಿಷ್ ಕಷ್ಟವಾದೀತು. ಗಣಿತದ ಇಂಗ್ಲಿಷ್ ಬಹಳ ಸಣ್ಣದು, ವ್ಯಾಕರಣವೂ ಸರಳ. ಬೋರ್ಡಿನ ಮೇಲಿನ ಸಾಧನೆ ಸರಿಯಿದ್ದರೆ ಉಚ್ಚಾರಣೆಯನ್ನು ಯಾರೂ ತಿದ್ದಲು ಬರುವುದಿಲ್ಲ.

ಈಗ ಪತ್ರವನ್ನು ಸ್ವಲ್ಪ ಹೊತ್ತು ನಿಮ್ಮಿಂದಾಚೆ ತಿರುಗಿಸಬೇಕಾಗಿದೆ. 2021-22ರಲ್ಲಿ ನಮ್ಮ ರಾಜ್ಯ ನಾಲ್ಕು ವರ್ಷದ ಆನರ್ಸ್ ಪದವಿ ತಂದಿತು, ಕೊನೆಯ ವರ್ಷದಲ್ಲಿ ಸಂಶೋಧನೆಗೆ ಜಾಗವಿತ್ತು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಆ ನಾಲ್ಕನೇ ವರ್ಷವನ್ನು ನಡೆಸುವಷ್ಟು ಅಧ್ಯಾಪಕರು, ಗ್ರಂಥಾಲಯ ಎಷ್ಟು ಕಾಲೇಜುಗಳಲ್ಲಿದ್ದವು ಎಂಬ ಪ್ರಶ್ನೆ ನ್ಯಾಯವಾದದ್ದೇ, ಮರಳಿದ್ದನ್ನು ನಾನು ಪೂರ್ತಿ ತಪ್ಪೆನ್ನಲಾರೆ. ಆದರೆ ಆಮೇಲೆ ವಿದ್ಯಾರ್ಥಿಗೆ ಉಳಿದಿರುವುದು ಬೇಸಿಗೆಯೊಂದೇ, ಅದನ್ನೂ ನಮ್ಮ ವಿಶ್ವವಿದ್ಯಾಲಯಗಳು ಬಿಟ್ಟುಕೊಡುತ್ತಿಲ್ಲ. ದೇಶದ ಶಿಬಿರಗಳೆಲ್ಲ ಮೇನಿಂದ ಜುಲೈವರೆಗೆ. ಇಲ್ಲಿ ಎಷ್ಟೋ ಕಡೆ ಸಮ ಸೆಮಿಸ್ಟರ್ ಪರೀಕ್ಷೆ ಅದೇ ತಿಂಗಳುಗಳಿಗೆ ಬಂದು ಕೂರುತ್ತದೆ, ಕೆಲವೊಮ್ಮೆ ಅದನ್ನೂ ದಾಟುತ್ತದೆ. ಆಯ್ಕೆಯಾದ ಹುಡುಗಿ ಕೈಯಲ್ಲಿ ಪತ್ರ ಹಿಡಿದುಕೊಂಡು, ಶಿಬಿರವೋ ಪರೀಕ್ಷೆಯೋ ಎಂದು ನಿಲ್ಲಬೇಕಾಗುತ್ತದೆ. ಕುಲಪತಿಗಳೇ, ಪರೀಕ್ಷಾಂಗ ಕುಲಸಚಿವರೇ, ಇದಕ್ಕೆ ಹಣ ಬೇಡ, ಹೊಸ ಹುದ್ದೆ ಬೇಡ. ವೇಳಾಪಟ್ಟಿಯನ್ನು ಮೇ ಮಧ್ಯಕ್ಕೆ ಮುಗಿಸಿ, ಅಥವಾ ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆಯಾದವರಿಗೆ ಪರೀಕ್ಷೆಯನ್ನು ಆಮೇಲೆ ಪ್ರತ್ಯೇಕವಾಗಿ ನಡೆಸಿ. ಕ್ರೀಡಾಪಟುಗಳಿಗೆ ತೋರಿಸುವ ಕಾಳಜಿಯಲ್ಲಿ ಒಂದು ಪಾಲನ್ನು ಇವರಿಗೂ ತೋರಿಸಿ.

ತಂದೆ ತಾಯಿಯರಿಗೂ ಒಂದು ವಿನಂತಿ. ಮಗಳನ್ನು ಎರಡು ತಿಂಗಳು ಚೆನ್ನೈಗೋ ಪ್ರಯಾಗರಾಜ್‌ಗೋ ಕಳಿಸಲು ಅಳುಕುವುದು ಸಹಜ. ಸಂಸ್ಥೆಯ ಹಾಸ್ಟೆಲ್, ಮೆಸ್ ವ್ಯವಸ್ಥೆ ವಿಚಾರಿಸಿ, ಹಿಂದಿನ ವರ್ಷ ಹೋಗಿಬಂದವರ ಜೊತೆ ಮಾತಾಡಿ, ಬೇಕಾದರೆ ಜೊತೆಗೆ ಹೋಗಿ ಬಿಟ್ಟು ಬನ್ನಿ. ಕೇಳುವ ಮೊದಲೇ 'ಬೇಡ' ಎನ್ನಬೇಡಿ.

ಅಧ್ಯಾಪಕ ಮಿತ್ರರಲ್ಲಿ: ಶಿಫಾರಸು ಪತ್ರ ಕೇಳಿಕೊಂಡು ಬಂದವರಿಗೆ "ನೀನೇ ಬರೆದುಕೊಂಡು ಬಾ, ಸಹಿ ಹಾಕ್ತೀನಿ" ಎನ್ನುವುದನ್ನು ನಿಲ್ಲಿಸೋಣ. ನಾಲ್ಕು ಸಾಲಾದರೂ ಸರಿ, ಆ ವಿದ್ಯಾರ್ಥಿ ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆಯನ್ನು ನಾವೇ ನೆನೆದು ಬರೆದರೆ ಅದಕ್ಕೆ ತೂಕ ಬರುತ್ತದೆ. ನೆನೆಯಲು ಒಂದು ಪ್ರಶ್ನೆಯೂ ಇಲ್ಲವೆಂದರೆ ತಪ್ಪು ವಿದ್ಯಾರ್ಥಿಯದ್ದಲ್ಲ.

ಮತ್ತೆ ನಿಮ್ಮ ಹತ್ತಿರ. ಅರ್ಜಿ ಹಾಕಿದವರಲ್ಲಿ ಹೆಚ್ಚಿನವರಿಗೆ ಸಿಗುವುದಿಲ್ಲ. ಸೀಟುಗಳು ಕಡಿಮೆ, ಅದು ನಿಮ್ಮ ಯೋಗ್ಯತೆಯ ತೀರ್ಪಲ್ಲ. ಸಿಗದಿದ್ದರೆ ನೀವು ಮೂವರು ನಾಲ್ವರು ಸೇರಿಕೊಳ್ಳಿ. ಶನಿವಾರ ಮಧ್ಯಾಹ್ನ ಖಾಲಿ ಕೊಠಡಿಯೊಂದರ ಬೀಗದ ಕೈ ಕೇಳಿ ಇಸಿದುಕೊಳ್ಳಿ. ಬೆಂಗಳೂರಿನ ಅಕಾಡೆಮಿಯೇ 1996ರಿಂದ ಹೊರತರುತ್ತಿರುವ 'ರೆಸೊನೆನ್ಸ್' ಪತ್ರಿಕೆಯ ಹಳೆಯ ಸಂಚಿಕೆಗಳೆಲ್ಲ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಪದವಿ ವಿದ್ಯಾರ್ಥಿಗಳಿಗೆಂದೇ ಬರೆದ ಗಣಿತ ಲೇಖನಗಳು. ಒಂದನ್ನು ಆರಿಸಿ, ವಾರಕ್ಕೆ ಒಬ್ಬರು ಬೋರ್ಡಿನ ಮೇಲೆ ಹೇಳಿ, ಉಳಿದವರು ಬಿಡದೆ "ಯಾಕೆ?" ಎನ್ನಿ. ಎಣಿಸುವಾಗ ಸಂಖ್ಯೆಗಳ ಸಾಲೊಂದು ಸಿಕ್ಕರೆ ನೀಲ್ ಸ್ಲೋನ್ 1964ರಲ್ಲಿ ಸಂಗ್ರಹಿಸಲು ಆರಂಭಿಸಿದ, ಈಗ ಅಂತರ್ಜಾಲದಲ್ಲಿರುವ ಪೂರ್ಣಾಂಕ ಶ್ರೇಢಿಗಳ ವಿಶ್ವಕೋಶದಲ್ಲಿ ಹಾಕಿ ನೋಡಿ. ಇದ್ದರೆ ಯಾರು ಎಲ್ಲಿ ಕಂಡಿದ್ದರೆಂದು ತಿಳಿಯುತ್ತದೆ. ಇಲ್ಲದಿದ್ದರೆ ಲೆಕ್ಕ ತಪ್ಪಿದೆಯೇ ಎಂದು ಎರಡು ಸಲ ನೋಡಿ, ಆಮೇಲೆ ಸಂತೋಷಪಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಎಲ್ಲವನ್ನೂ ಬರೆದಿಡಿ, ಸೋತ ಊಹೆಗಳನ್ನೂ. ಮುಂದಿನ ವರ್ಷದ ಅರ್ಜಿಗೆ ಆ ನೋಟ್‌ಬುಕ್ಕಿಗಿಂತ ಒಳ್ಳೆಯ ಆಧಾರ ಬೇರೆ ಬೇಕಿಲ್ಲ.

ಕೊನೆಯದಾಗಿ, ಈ ಪತ್ರ ಓದಿದವರು ನಾಳೆ ಮಾಡಬೇಕಾದದ್ದು ಒಂದೇ. ಮೂರು ಅಕಾಡೆಮಿಗಳ ಫೆಲೋಶಿಪ್, ಎಂಟಿಟಿಎಸ್, ಮಾಧವ ಸ್ಪರ್ಧೆ, ಐಸಿಟಿಎಸ್ ಇವುಗಳ ಈ ವರ್ಷದ ಕೊನೆಯ ದಿನಾಂಕಗಳನ್ನು ನೋಡಿ ಒಂದು ಹಾಳೆಯಲ್ಲಿ ಬರೆದು, ನಿಮ್ಮ ಗಣಿತ ವಿಭಾಗದ ನೋಟಿಸ್ ಬೋರ್ಡಿಗೆ ಅಂಟಿಸಿ. ನಿಮ್ಮ ಕಾಲೇಜಿನಲ್ಲಿ ಅದನ್ನು ಇನ್ನೊಬ್ಬರು ಮಾಡುತ್ತಾರೆಂದು ಕಾಯಬೇಡಿ.

ಇಂತಿ ನಿಮ್ಮ,
ಒಬ್ಬ ಗಣಿತ ಮೇಷ್ಟ್ರು